ಹಳೇ ಪಿಕಪ್ ಎತ್ತರ ಮಾಡಿಸೋದು ಹೇಗೆ, ಜೇಬು ಹರಿಯದ ಹಾಗೆ

ನಮ್ಮ ತೋಟಕ್ಕೆ ಮುಂಚೆ ಕೆರೆ ಅಂಗಳದಲ್ಲೇ ದಾರಿ ಇತ್ತು. ಕೋಲಾರದ ಕೆರೆಗಳ ಪಾಡು ಗೊತ್ತಲ್ಲ, ವರ್ಷಗಟ್ಟಲೆ ನೀರಿಲ್ಲದೆ ಜಾಲಿ ಬೆಳೆದು ನಿಂತಿದ್ದವು, ಗಾಡಿ ಹೊಡೆದುಕೊಂಡು ಅಡ್ಡ ಹಾಯ್ದರೆ ಹತ್ತು ನಿಮಿಷಕ್ಕೆ ತೋಟ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಗಳಿಗೆ ಬಿಡುವ ಯೋಜನೆಯ ನೀರು, ಜಿಲ್ಲೆಗೆ ಬಂತು. ಒಂದರ ಹಿಂದೆ ಒಂದು ಕೆರೆ ತುಂಬುತ್ತಾ ನಮ್ಮದೂ ತುಂಬಿತು. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು, ಸಂತೋಷ. ದಾರಿ ಮಾತ್ರ ಮುಳುಗಿತು. ಈಗ ಕೋಡಿ ಪಕ್ಕದ ಬಂಡೆ ಹತ್ತಿ ಇಳಿದು ಸುತ್ತಿಕೊಂಡು ಹೋಗಬೇಕು. ಅಲ್ಲಿ ನನ್ನ ಸೆಕೆಂಡ್ ಹ್ಯಾಂಡ್ ಪಿಕಪ್‌ನ ತಳ ಕಲ್ಲಿಗೆ ಉಜ್ಜುವ ಸದ್ದು ಕೇಳಿದರೆ ನನ್ನ ಹೊಟ್ಟೆಯೇ ಕಿವುಚಿದ ಹಾಗೆ ಆಗುತ್ತಿತ್ತು.

ಗಾಡಿ ಎತ್ತರ ಮಾಡಿಸೋಣ ಅಂತ ಹೊರಟೆ. ಒಂದು ಸಲ ದುಡ್ಡು ಕಳೆದುಕೊಂಡೆ, ಎರಡನೇ ಸಲ ಸರಿಯಾಯಿತು. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಶೋಕಿಗೆ ನಾಲ್ಕು ಇಂಚು, ಆರು ಇಂಚು ಎತ್ತುವವರಿಗೆ ಇದು ಬೇಡ. ಟೊಮೆಟೊ, ಮಾವು, ಮೇವು ಹೊತ್ತು ದಿನಾ ದುಡಿಯುವ ಹಳೇ ಗಾಡಿ ಇರುವವರಿಗೆ ಇದು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಹತ್ತು ವರ್ಷ ದುಡಿದ ಪಿಕಪ್ ಹೊಸದರಲ್ಲಿ ಇದ್ದಷ್ಟು ಎತ್ತರ ಈಗ ಇರುವುದಿಲ್ಲ. ಪಟ್ಟಿ, ಅಂದರೆ ಉಕ್ಕಿನ ಬ್ಲೇಡ್ ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್, ಕುಸಿದಿರುತ್ತದೆ. ಕುಸಿದದ್ದನ್ನು ವಾಪಸ್ ತಂದರೆ ಬಹಳ ಜನಕ್ಕೆ ಅಷ್ಟೇ ಸಾಕು, ಅದೇ ಎಲ್ಲಕ್ಕಿಂತ ಅಗ್ಗ, ಕಾನೂನಿನ ತಲೆನೋವೂ ಇಲ್ಲ.

ಎಲ್ಲಿ ತಾಗುತ್ತಿದೆ, ಅದನ್ನು ಮೊದಲು ನೋಡಿ

ಇದನ್ನು ಮಾಡದೆ ಮೆಕ್ಯಾನಿಕ್ ಹತ್ತಿರ ಹೋಗಲೇಬೇಡಿ. ನಾನು ಮಾಡಿದ್ದು ಇಷ್ಟೇ. ಒಂದು ಬಕೆಟ್‌ನಲ್ಲಿ ಸುಣ್ಣ ಗಟ್ಟಿಯಾಗಿ ಕಲಸಿ, ಗಾಡಿ ಉಜ್ಜುವ ಕಲ್ಲುಗಳ ತಲೆಗೆ, ಚಕ್ರದ ಜಾಡಿನ ನಡುವಿನ ದಿಣ್ಣೆಗೆ ದಪ್ಪಗೆ ಬಳಿದೆ. ಅದು ಒಣಗುವ ಮುಂಚೆ ಗಾಡಿಯನ್ನು ನಿಧಾನಕ್ಕೆ ಅದರ ಮೇಲೆ ಒಂದು ಸಲ ದಾಟಿಸಿದೆ. ಆಮೇಲೆ ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಸೈಲೆನ್ಸರ್ ಪೈಪಿನ ಬೆಂಡ್ ಬೆಳ್ಳಗಾಗಿತ್ತು, ಸ್ಟೆಪ್ನಿ ತೂಗುಹಾಕುವ ಕ್ಯಾರಿಯರ್ ಬೆಳ್ಳಗಾಗಿತ್ತು, ಚಾಸಿಸ್‌ನ ಒಂದು ಅಡ್ಡಪಟ್ಟಿಗೆ ಸ್ವಲ್ಪ ತಾಗಿತ್ತು. ಹಿಂದಿನ ಹೌಸಿಂಗ್ ಬುಂಡೆಗೆ (ಆಕ್ಸಲ್ ನಡುವೆ ಗೇರ್ ಕೂತಿರುವ ಉಬ್ಬು) ಒಂದು ಬೆರಳಿನಷ್ಟು ಗೆರೆ, ಅಷ್ಟೇ.

ಈ ಪರೀಕ್ಷೆ ಯಾಕೆ ಮುಖ್ಯ ಅಂದರೆ, ಪಟ್ಟಿ ಎತ್ತಿಸಿದರೆ ಮೇಲಕ್ಕೆ ಹೋಗುವುದು ಚಾಸಿಸ್, ಬಾಡಿ, ಅದಕ್ಕೆ ನೇತುಬಿದ್ದ ಸಾಮಾನು ಮಾತ್ರ. ಆಕ್ಸಲ್, ಅದರ ನಡುವಿನ ಹೌಸಿಂಗ್ ಬುಂಡೆ ಎಲ್ಲಿತ್ತೋ ಅಲ್ಲೇ ಇರುತ್ತದೆ. ಅದು ಚಕ್ರಕ್ಕೆ ಕಟ್ಟಿದ್ದು, ಪಟ್ಟಿಗೆ ನೇತುಬಿದ್ದದ್ದಲ್ಲ. ನಿಮ್ಮ ಗಾಡಿಯಲ್ಲಿ ಸುಣ್ಣ ಬುಂಡೆಗೇ ಹತ್ತಿದ್ದರೆ ಪಟ್ಟಿಗೆ ಹತ್ತು ಸಾವಿರ ಸುರಿದರೂ ಆ ಬುಂಡೆ ಅದೇ ಕಲ್ಲಿಗೆ ಅದೇ ತರಹ ಬಡಿಯುತ್ತದೆ. ಅದನ್ನು ಎತ್ತುವುದು ಟೈರ್ ಒಂದೇ, ಅದೂ ಟೈರ್ ಎತ್ತರ ಎಷ್ಟು ಹೆಚ್ಚಾಯಿತೋ ಅದರ ಅರ್ಧ.

ಲೆಕ್ಕ ಮಾಡಿ ತೋರಿಸುತ್ತೇನೆ. 215/75 ಆರ್15 ಟೈರಿನ ಎತ್ತರ ಸುಮಾರು 703 ಮಿ.ಮೀ. 235/75 ಆರ್15 ಹಾಕಿದರೆ 733 ಮಿ.ಮೀ. ವ್ಯತ್ಯಾಸ 30, ಬುಂಡೆ ಏಳುವುದು ಬರೀ 15 ಮಿ.ಮೀ. ಅಂದರೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ. ಅಷ್ಟಕ್ಕೆ ನಾಲ್ಕು ಹೊಸ ಟೈರಿನ ದುಡ್ಡು. ಜೊತೆಗೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 62, 63ರಲ್ಲಿ ಓಡುತ್ತಿರುತ್ತದೆ, ಲೋಡ್ ಇದ್ದಾಗ ಎಳೆತ ಸ್ವಲ್ಪ ಮಂಕಾಗುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡ್‌ಗೋ ಪಟ್ಟಿಗೋ ಉಜ್ಜಬಹುದು. ಟೈರ್ ಹೇಗೂ ಸವೆದಿದೆ, ಬದಲಾಯಿಸಲೇಬೇಕು ಅಂತಿದ್ದರೆ ಯೋಚಿಸಿ. ಆಗಲೂ ಆರ್‌ಸಿ, ಕಂಪನಿ ಪುಸ್ತಕದಲ್ಲಿ ಯಾವ ಯಾವ ಸೈಜ್ ಇದೆ ನೋಡಿಕೊಂಡು, ಲೋಡ್ ರೇಟಿಂಗ್ ಕಡಿಮೆ ಇಲ್ಲದ್ದನ್ನೇ ತಗೊಳ್ಳಿ. ಕಾರಿನ ಟೈರು ಅಗ್ಗಕ್ಕೆ ಸಿಕ್ಕಿತು ಅಂತ ಪಿಕಪ್‌ಗೆ ಹಾಕಿದವರನ್ನು ನೋಡಿದ್ದೇನೆ. ಬೇಡ.

ಇನ್ನು ಬೆಳ್ಳಗಾಗಿದ್ದು ಸೈಲೆನ್ಸರ್, ಸ್ಟೆಪ್ನಿ ಕ್ಯಾರಿಯರ್ ಅಷ್ಟೇ ಆಗಿದ್ದರೆ ನಿಮಗೆ ಎತ್ತರ ಮಾಡಿಸುವ ಅಗತ್ಯವೇ ಇಲ್ಲ. ವೆಲ್ಡಿಂಗ್ ಅಂಗಡಿಗೆ ಹೋಗಿ ಸೈಲೆನ್ಸರ್ ಹ್ಯಾಂಗರ್ ಒಂದೂವರೆ ಇಂಚು ಮೇಲೆ ಮಾಡಿಸಿ. ಬ್ರೇಕ್ ಪೈಪ್, ಡೀಸೆಲ್ ಪೈಪ್‌ಗೆ ಹತ್ತಿರ ಹೋಗಬಾರದು, ಅದೊಂದು ನೋಡಿಕೊಳ್ಳಿ. ಸ್ಟೆಪ್ನಿಯನ್ನು ಬಾಡಿ ಒಳಗೆ ಕ್ಯಾಬಿನ್ ಹಿಂದೆ ನಿಲ್ಲಿಸಿ. ಒಂದು ಸಾಲು ಕ್ರೇಟ್ ಜಾಗ ಹೋಗುತ್ತದೆ ಅಂತ ನಮ್ಮಣ್ಣ ಈಗಲೂ ಗೊಣಗುತ್ತಾನೆ, ಗೊಣಗಲಿ.

ಅಳತೆ

ಗಾಡಿ ಖಾಲಿ ಇರಬೇಕು, ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಇರಬೇಕು, ನೆಲ ಸಮ ಇರಬೇಕು. ಪೆಟ್ರೋಲ್ ಬಂಕ್‌ನ ಸಿಮೆಂಟ್ ನೆಲ ಒಳ್ಳೆಯದು. ಮುಂದೆ ಚಕ್ರದ ನಡುಮಧ್ಯದಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ, ಹಿಂದೆ ಚಕ್ರದ ನಡುಮಧ್ಯದಿಂದ ಲೋಡ್ ಬಾಡಿ ತಳದವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರ್ ಸವೆತ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ನಾಲ್ಕೂ ಅಳತೆಯನ್ನು ಬರೆದಿಡಿ.

ಸರಿ, ಹೊಸದರಲ್ಲಿ ಎಷ್ಟಿತ್ತು ಅಂತ ಗೊತ್ತಾಗುವುದು ಹೇಗೆ? ನಮ್ಮ ಕೋಲಾರದವರಿಗೆ ಇದು ಸುಲಭ. ಟೊಮೆಟೊ ಸೀಸನ್‌ನಲ್ಲಿ ಎಪಿಎಂಸಿ ಹತ್ತಿರ ಬೆಳಗ್ಗೆ ಹೋಗಿ ನಿಂತರೆ ಎಲ್ಲಾ ಮಾಡೆಲ್‌ನ ಪಿಕಪ್ಪೂ ಸಾಲಾಗಿ ಸಿಗುತ್ತವೆ. ಮಾಲು ಇಳಿಸಿ ಖಾಲಿ ನಿಂತ, ನಿಮ್ಮದೇ ಮಾಡೆಲ್‌ನ, ಒಂದೆರಡು ವರ್ಷ ಹಳೆಯ ಗಾಡಿ ನೋಡಿ. "ಅಣ್ಣಾ, ಒಂದು ಅಳತೆ ತಗೋಬೇಕಿತ್ತು" ಅಂತ ಕೇಳಿ ಟೇಪ್ ಹಿಡಿಯಿರಿ. ನಾನು ಮೂರು ಗಾಡಿ ಅಳೆದೆ. ಒಬ್ಬ ಡ್ರೈವರ್ ನನ್ನನ್ನು ಆರ್‌ಟಿಒ ಕಡೆಯವನು ಅಂದುಕೊಂಡು ಪೇಪರ್ ತೆಗೆಯೋಕೆ ಶುರು ಮಾಡಿದ್ದ. ಆ ಮೂರಕ್ಕೆ ಹೋಲಿಸಿದರೆ ನನ್ನದು ಹಿಂದೆ ಸುಮಾರು ಎರಡು ಇಂಚು ಕೆಳಗಿತ್ತು, ಬಲಗಡೆ ಇನ್ನೂ ಒಂದು ಇಂಚು ಜಾಸ್ತಿಯೇ ಕುಸಿದಿತ್ತು. ಅಂದರೆ ನಾನು ಬೇಕು ಬೇಕು ಅಂತ ಒದ್ದಾಡುತ್ತಿದ್ದ ಎರಡು ಇಂಚು ಗಾಡಿಯಲ್ಲೇ ಇತ್ತು, ಮಲಗಿತ್ತು ಅಷ್ಟೇ.

ಆಮೇಲೆ ಪಟ್ಟಿ ಎಣಿಸಿ. ಬಲಕ್ಕೆಷ್ಟು, ಎಡಕ್ಕೆಷ್ಟು. ತಮಾಷೆ ಅಂದುಕೊಳ್ಳಬೇಡಿ. ನನ್ನ ಗಾಡಿಯಲ್ಲಿ ಹಿಂದೆ ಎಡಕ್ಕೆ ಇದ್ದದ್ದಕ್ಕಿಂತ ಬಲಕ್ಕೆ ಒಂದು ಬ್ಲೇಡ್ ಕಡಿಮೆ ಇತ್ತು! ಹಿಂದಿನ ಓನರ್ ಕಾಲದಲ್ಲಿ ಯಾವಾಗಲೋ ಮುರಿದಿರಬೇಕು, ಮುರಿದದ್ದನ್ನು ತೆಗೆದು ಉಳಿದದ್ದನ್ನು ಕಟ್ಟಿ ಮಾರಿಬಿಟ್ಟಿದ್ದಾನೆ. ಗಾಡಿ ತಗೊಳ್ಳುವಾಗ ಇಂಜಿನ್ ಸದ್ದು ಕೇಳಿದೆ, ಟೈರ್ ನೋಡಿದೆ, ಪೇಪರ್ ನೋಡಿದೆ. ಪಟ್ಟಿ ಯಾರು ಎಣಿಸುತ್ತಾರೆ ಹೇಳಿ?

ಎಣಿಸುವಾಗಲೇ ಇನ್ನೂ ನಾಲ್ಕು ಜಾಗ ನೋಡಿ. ಬ್ಲೇಡ್ ಎಲ್ಲವನ್ನೂ ನಡುವೆ ಸೇರಿಸಿ ಹಿಡಿಯುವ ಸೆಂಟರ್ ಬೋಲ್ಟ್ ಹತ್ತಿರ ಬ್ಲೇಡ್‌ನಲ್ಲಿ ಕೂದಲಿನ ಎಳೆಯಷ್ಟು ಬಿರುಕು ಇದೆಯಾ, ವೈರ್ ಬ್ರಶ್‌ನಲ್ಲಿ ಉಜ್ಜಿ ನೋಡಬೇಕು. ಪಟ್ಟಿಯ ತುದಿಯಲ್ಲಿ ಪಿನ್ ತೂರುವ ಬಳೆಗೆ ಕಣ್ಣು ಅನ್ನುತ್ತಾರೆ, ಆ ಕಣ್ಣಿನ ಬುಷ್ ಸವೆದು ಪಿನ್ ಅಲ್ಲಾಡುತ್ತಾ. ಪಟ್ಟಿ ಹಿಡಿದಿರುವ ಬ್ರಾಕೆಟ್ ಸುತ್ತ ಚಾಸಿಸ್ ತುಕ್ಕು ಹಿಡಿದಿದೆಯಾ, ಸೀಳಿದೆಯಾ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದೆಯಾ. ಚಾಸಿಸ್ ಸೀಳಿದ್ದರೆ ಎತ್ತರದ ಯೋಚನೆ ಅಲ್ಲಿಗೇ ಬಿಡಿ, ಆ ದುಡ್ಡು ಚಾಸಿಸ್‌ಗೆ ಹಾಕಿ.

ಕಮಾನು ಬಡಿಸುವುದು

ಇದೇ ಅಸಲಿ ಕೆಲಸ. ಪಟ್ಟಿ ಸೆಟ್ ಪೂರ್ತಿ ಇಳಿಸಿ, ಬಿಚ್ಚಿ, ಒಂದೊಂದೇ ಬ್ಲೇಡ್‌ಗೆ ಮತ್ತೆ ಬಿಲ್ಲಿನ ಹಾಗೆ ಬಾಗು ಕೊಡಿಸುವುದು. ಲಾರಿಗಳು ನಿಲ್ಲುವ ಕಡೆ, ಹೆದ್ದಾರಿ ಬದಿಯಲ್ಲಿ, ಕಮಾನ್ ಪಟ್ಟಿ ಕೆಲಸದವರು ಇದ್ದೇ ಇರುತ್ತಾರೆ. ಕಾರಿನ ಗ್ಯಾರೇಜ್‌ಗೆ ಹೋಗಬೇಡಿ, ಅವರೂ ಕೊನೆಗೆ ಇಲ್ಲಿಗೇ ಕಳಿಸುವುದು, ನಡುವೆ ಒಂದು ಕಮಿಷನ್ ಜಾಸ್ತಿ.

ನಾನು ಮೊದಲ ಸಲ ಮೋಸ ಹೋದದ್ದು ಇಲ್ಲೇ. ಒಂದು ಕಡೆ ಬೆಳಗ್ಗೆ ಬಿಟ್ಟೆ, ಮಧ್ಯಾಹ್ನಕ್ಕೆ ರೆಡಿ ಅಂದರು, 3500 ತಗೊಂಡರು. ಗಾಡಿ ಮೂರು ಇಂಚು ಎದ್ದು ಗೂಳಿ ತರಹ ನಿಂತಿತ್ತು. ಎರಡು ತಿಂಗಳು, ಹತ್ತು ಹನ್ನೆರಡು ಲೋಡು, ಮತ್ತೆ ಅದೇ ಹಳೇ ಜಾಗಕ್ಕೆ ಬಂತು. ಬ್ಲೇಡ್‌ಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಗ್ಗಿಸಿ, ಕೆಲವನ್ನು ಬಕೆಟ್ ನೀರಿಗೆ ಅದ್ದಿ, ಉಳಿದದ್ದನ್ನು ಹಾಗೇ ಆರಲು ಬಿಟ್ಟಿದ್ದರು. ಸ್ಪ್ರಿಂಗ್ ಸ್ಟೀಲ್‌ಗೆ ಫ್ಯಾಕ್ಟರಿಯಲ್ಲಿ ಲೆಕ್ಕದ ಶಾಖ ಕೊಟ್ಟು, ಎಣ್ಣೆಯಲ್ಲಿ ಆರಿಸಿ, ಮತ್ತೆ ಹದವಾಗಿ ಕಾಯಿಸಿ ಆ ಪುಟಿಯುವ ಗುಣ ತಂದಿರುತ್ತಾರೆ. ಸುಮ್ನೆ ಕೆಂಪಗೆ ಕಾಯಿಸಿದರೆ ಆ ಹದ ಹೋಯಿತು. ತಾನೇ ಆರಲು ಬಿಟ್ಟ ಬ್ಲೇಡ್ ಮೆತ್ತಗಾಗಿ ಕುಸಿಯುತ್ತದೆ, ನೀರಿಗೆ ಅದ್ದಿದ್ದು ಪೆಡಸಾಗಿ ಮುರಿಯುತ್ತದೆ. ನನ್ನದು ಒಂದು ಮುರಿಯಿತು, ಉಳಿದವು ಕುಸಿದವು. ಬ್ಲೇಡ್ ಕಡಿಮೆ ಇದೆ ಅಂತಲೂ ಆ ಪುಣ್ಯಾತ್ಮರು ಹೇಳಿರಲಿಲ್ಲ.

ಎರಡನೇ ಸಲ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ತಿರ ಹೋದೆ, ಲಾರಿಯವರು ಹೇಳಿ ಕಳಿಸಿದ್ದು. ಕುಲುಮೆ ಇತ್ತು, ಆದರೆ ಹೊತ್ತಿಸಿರಲಿಲ್ಲ. "ಮೇಸ್ತ್ರಿ, ಬೆಂಕಿಗೆ ಹಾಕಲ್ವಾ?" ಅಂತ ಕೇಳಿದೆ. "ಬೆಂಕಿಗೆ ಹಾಕಿದ್ರೆ ಅದು ಬರೀ ಕಬ್ಬಿಣ ಆಗೋಗುತ್ತೆ ಕಣಪ್ಪಾ, ಪಟ್ಟಿ ಆಗಿರಲ್ಲ" ಅಂದರು. ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಕಮಾನು ಗೆರೆ ಎಳೆದರು. ಎಡಗಡೆಯ ಮೇನ್ ಬ್ಲೇಡ್ (ಎಲ್ಲಕ್ಕಿಂತ ಉದ್ದದ್ದು) ನೋಡಿ, ನನ್ನ ಎಪಿಎಂಸಿ ಅಳತೆ ಕೇಳಿ, ಆ ಗೆರೆ. ಆಮೇಲೆ ನಡುವೆ ಹಳ್ಳ ಇರುವ ಕಬ್ಬಿಣದ ದಿಮ್ಮಿ ಮೇಲೆ ಬ್ಲೇಡನ್ನು ಒಳಬಾಗು ಮೇಲೆ ಬರುವ ಹಾಗೆ ಇಟ್ಟು, ಆ ಕಡೆ ಸುತ್ತಿಗೆ ಏಟು. ಒಂದು ತುದಿಯಿಂದ ಶುರು ಮಾಡಿ ಅರ್ಧರ್ಧ ಇಂಚು ಸರಿಸುತ್ತಾ ಇನ್ನೊಂದು ತುದಿವರೆಗೆ. ಹತ್ತು ಏಟು ಬಿದ್ದ ಮೇಲೆ ಬ್ಲೇಡ್ ತಂದು ಗೆರೆ ಮೇಲೆ ನಿಲ್ಲಿಸುವುದು, ಒಂದು ಕಣ್ಣು ಮುಚ್ಚಿ ನೋಡುವುದು, ಮತ್ತೆ ದಿಮ್ಮಿಗೆ. ಒಂದು ಬ್ಲೇಡ್‌ಗೆ ಇಪ್ಪತ್ತು ನಿಮಿಷ. ಎರಡು ದಿನ ಆಯಿತು. ಆ ಸುತ್ತಿಗೆ ಗುರುತು ಈಗಲೂ ಬ್ಲೇಡ್‌ಗಳ ಒಳಮೈಯಲ್ಲಿ ಸಾಲಾಗಿ ಕಾಣುತ್ತದೆ, ಮೀನಿನ ಹುರುಪೆ ತರಹ.

ನೀವು ಕೇಳಬೇಕಾದ ಪ್ರಶ್ನೆ ಒಂದೇ: ಕಾಯಿಸಿ ಬಗ್ಗಿಸುತ್ತೀರಾ, ತಣ್ಣಗೇ ಬಡಿಯುತ್ತೀರಾ? ಕಾಯಿಸುವುದಾದರೆ ಆಮೇಲೆ ಎಣ್ಣೆಯಲ್ಲಿ ಆರಿಸಿ ಮತ್ತೆ ಹದ ಕೊಡುವ ವ್ಯವಸ್ಥೆ ಇದೆಯಾ? ಉತ್ತರಕ್ಕೆ ತಡವರಿಸಿದರೆ ಟೀ ಕುಡಿದು ಬಂದುಬಿಡಿ.

ಕೆಲಸ ಮುಗಿದ ಮೇಲೆ, ಗಾಡಿಗೆ ಕಟ್ಟುವ ಮುಂಚೆ ನೀವೇ ಪರೀಕ್ಷೆ ಮಾಡಬಹುದು. ಪಟ್ಟಿಯ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದಾರ ಬಿಗಿಯಾಗಿ ಹಿಡಿಯಿರಿ. ನಡುವೆ ದಾರದಿಂದ ಬ್ಲೇಡ್‌ಗೆ ಎಷ್ಟು ಇಂಚು ಇದೆ ಅಳೆಯಿರಿ. ಎಡ ಬಲ ಎರಡೂ ಒಂದೇ ಇರಬೇಕು, ಕಾಲು ಇಂಚಿಗಿಂತ ಜಾಸ್ತಿ ಹೆಚ್ಚು ಕಡಿಮೆ ಇದ್ದರೆ ಆಗಲೇ ಹೇಳಿ. ಗಾಡಿಗೆ ಕಟ್ಟಿದ ಮೇಲೆ ಯಾರೂ ಮತ್ತೆ ಬಿಚ್ಚಿಕೊಡುವುದಿಲ್ಲ.

ಕಳೆದುಹೋಗಿದ್ದ ಬ್ಲೇಡ್, ಮುರಿದ ಬ್ಲೇಡ್ ಎರಡನ್ನೂ ಹಾಕಿಸಿದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೇ ಪಟ್ಟಿ ಅಗ್ಗಕ್ಕೆ ಸಿಗುತ್ತವೆ. ಆದರೆ ಅವು ಎಷ್ಟು ದುಡಿದಿವೆ ಯಾರಿಗೆ ಗೊತ್ತು. ಬ್ರಾಕೆಟ್, ಕ್ಯಾರಿಯರ್ ತರಹದ್ದನ್ನು ಗುಜರಿಯಲ್ಲಿ ತಗೊಳ್ಳಿ, ಬ್ಲೇಡ್ ಹೊಸದೇ ತಗೊಳ್ಳಿ. ಅಗಲ, ದಪ್ಪ ಎರಡೂ ನಿಮ್ಮ ಪಟ್ಟಿಗೆ ಹೊಂದಬೇಕು.

ಬೇರೆ ದಾರಿಗಳು

ಇದ್ದದ್ದಕ್ಕಿಂತ ಒಂದು ಬ್ಲೇಡ್ ಜಾಸ್ತಿ ಹಾಕಿಸುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಎತ್ತರ ಬರುತ್ತದೆ, ಆದರೆ ಖಾಲಿ ಓಡಿಸುವಾಗ ಗಾಡಿ ಕುಪ್ಪಳಿಸುತ್ತದೆ. ಹಿಂದಿನ ಚಕ್ರ ನೆಲ ಬಿಟ್ಟು ಬಿಟ್ಟು ಓಡಿದರೆ ಮಳೆಯಲ್ಲಿ ಬ್ರೇಕ್ ಹಿಡಿದಾಗ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಇನ್ನೊಂದು ಭ್ರಮೆ, ಬ್ಲೇಡ್ ಹಾಕಿದ ಮೇಲೆ ಜಾಸ್ತಿ ಲೋಡ್ ಹಾಕಬಹುದು ಅಂತ. ಕೋಲಾರದ ಟೊಮೆಟೊ ಬಾಕ್ಸ್ 15 ಕೆ.ಜಿ. ಲೆಕ್ಕ. ನೂರು ಬಾಕ್ಸ್ ಅಂದರೆ ಒಂದೂವರೆ ಟನ್, ಕ್ರೇಟ್ ತೂಕ ಬೇರೆ. ಬ್ಲೇಡ್ ಗಟ್ಟಿಯಾಯಿತು ನಿಜ, ಆಕ್ಸಲ್, ಬ್ರೇಕ್ ಡ್ರಮ್, ಟೈರು, ಚಾಸಿಸ್ ಹಳೆಯದೇ ಅಲ್ವಾ?

ಶಾಕಲ್, ಅಂದರೆ ಪಟ್ಟಿಯ ಒಂದು ತುದಿಯನ್ನು ಚಾಸಿಸ್‌ಗೆ ಸೇರಿಸುವ ಕೊಂಡಿ, ಉದ್ದ ಮಾಡಿಸುವುದು ಅಗ್ಗ. ಪಟ್ಟಿಯ ಒಂದು ತುದಿ ಮಾತ್ರ ಏಳುವುದರಿಂದ ಎರಡು ಇಂಚು ಉದ್ದದ ಶಾಕಲ್ ಹಾಕಿದರೆ ನಡುವೆ ಆಕ್ಸಲ್ ಹತ್ತಿರ ಸಿಗುವುದು ಒಂದೇ ಇಂಚು. ಅದರ ಜೊತೆ ಆಕ್ಸಲ್ ಸ್ವಲ್ಪ ತಿರುಗುತ್ತದೆ. ಹಿಂದೆ ಆದರೆ ಇಂಜಿನ್ ಎಳೆತವನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್ ಕೋನ ಕೆಡುತ್ತದೆ, ಮುಂದೆ ಆದರೆ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವ ಗುಣ ಕೆಡಬಹುದು. ವೆಲ್ಡಿಂಗ್ ಅಂಗಡಿಯಲ್ಲಿ ಸಿಕ್ಕಿದ ಪಟ್ಟಿ ಕತ್ತರಿಸಿ ಮಾಡಿಸಿದ ಶಾಕಲ್ ಅಂತೂ ನನಗೆ ನಂಬಿಕೆ ಇಲ್ಲ.

ಬ್ಲಾಕ್, ಅಂದರೆ ಆಕ್ಸಲ್‌ಗೂ ಪಟ್ಟಿಗೂ ನಡುವೆ ಕಬ್ಬಿಣದ ದಿಮ್ಮಿ ಇಡುವುದು. ಹಿಂದಕ್ಕೆ ಮಾತ್ರ. ಮುಂದಿನ ಆಕ್ಸಲ್‌ಗೆ ಯಾವತ್ತೂ ಇಡಬಾರದು, ಬ್ರೇಕ್ ಹಾಕಿದಾಗ ಮುಂದೆ ಬೀಳುವ ತಿರುಚುವ ಬಲಕ್ಕೆ ಬ್ಲಾಕ್ ಕಿತ್ತು ಬರಬಹುದು. ಒಂದರ ಮೇಲೊಂದು ಎರಡು ಬ್ಲಾಕ್ ಇಡಬಾರದು. ಮರದ ತುಂಡು ಇಟ್ಟು ಯು ಬೋಲ್ಟ್ (ಪಟ್ಟಿಯನ್ನು ಆಕ್ಸಲ್‌ಗೆ ಕಟ್ಟುವ ಬಾಗಿದ ಬೋಲ್ಟ್) ಬಿಗಿದ ಗಾಡಿಯನ್ನೂ ನೋಡಿದ್ದೇನೆ. ಅವನ ಹಿಂದೆ ನಾನು ಗಾಡಿ ಓಡಿಸಲಿಲ್ಲ, ನಿಲ್ಲಿಸಿ ಅವನು ಹೋಗಲಿ ಅಂತ ಬಿಟ್ಟೆ.

ಮುಂದೆ ಪಟ್ಟಿ ಇಲ್ಲದ ಪಿಕಪ್‌ಗಳೂ ಇವೆ. ಹೆಸರು ನೋಡಿ ತೀರ್ಮಾನ ಮಾಡಬೇಡಿ, ಕೆಳಗೆ ಮಲಗಿ ನೋಡಿ. ಕಾಯಿಲ್ ಸ್ಪ್ರಿಂಗ್ ಇದ್ದರೆ ಕುಸಿದ ಸ್ಪ್ರಿಂಗ್ ಜೋಡಿಯಾಗಿ ಬದಲಾಯಿಸುವುದೇ ಸರಿ. ಸ್ಪ್ರಿಂಗ್ ಸುತ್ತಿನ ನಡುವೆ ರಬ್ಬರ್ ಉಂಡೆ ತುರುಕಿದರೆ ಅಷ್ಟು ಸುತ್ತು ಕೆಲಸ ಮಾಡುವುದು ನಿಂತು ಉಳಿದ ಸುತ್ತಿನ ಮೇಲೆ ಭಾರ ಬೀಳುತ್ತದೆ. ಟಾರ್ಷನ್ ಬಾರ್ ಇದ್ದರೆ ಅದೃಷ್ಟ. ಚಾಸಿಸ್ ಉದ್ದಕ್ಕೆ ಹೋಗುವ ದಪ್ಪ ಸಲಾಕೆ ಅದು, ಅದರ ಒಂದು ತುದಿಯ ಬೋಲ್ಟ್ ಬಿಗಿದರೆ ಮುಂಭಾಗ ಏಳುತ್ತದೆ, ಸಾಮಾನಿನ ಖರ್ಚೇ ಇಲ್ಲ. ಎರಡೂ ಕಡೆ ಎಷ್ಟು ಸುತ್ತು ಬಿಗಿದಿರಿ ಬರೆದಿಡಿ, ಕಂಪನಿ ಎತ್ತರಕ್ಕೆ ನಿಲ್ಲಿಸಿ. ಅದಕ್ಕೂ ಮೇಲೆ ಬಿಗಿದರೆ ಬಾಲ್ ಜಾಯಿಂಟ್ ಬೇಗ ಹೋಗುತ್ತದೆ, ಗುಂಡಿಯಲ್ಲಿ ಚಕ್ರ ಕೆಳಗೆ ಇಳಿಯಲು ಜಾಗ ಇರುವುದಿಲ್ಲ.

ಕಟ್ಟುವಾಗ

ನೀವೇ ಮಾಡುತ್ತೀರಿ ಅಂದರೆ: ಹಾಲೋ ಬ್ಲಾಕ್, ಇಟ್ಟಿಗೆ ಮೇಲೆ ಗಾಡಿ ನಿಲ್ಲಿಸಬೇಡಿ, ಅವು ಹೇಳದೆ ಕೇಳದೆ ಪುಡಿಯಾಗುತ್ತವೆ. ಚಾಸಿಸ್ ಕೆಳಗೆ ಕಬ್ಬಿಣದ ಸ್ಟ್ಯಾಂಡ್, ಉಳಿದ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು. ಸೆಂಟರ್ ಬೋಲ್ಟ್ ಬಿಚ್ಚುವ ಮುಂಚೆ ಪಟ್ಟಿ ಸೆಟ್‌ಗೆ ಎರಡು ಕಡೆ ಕ್ಲ್ಯಾಂಪ್ ಹಾಕಿ ನಿಧಾನಕ್ಕೆ ಸಡಿಲಿಸಿ. ಹಾಗೇ ಬಿಚ್ಚಿದರೆ ಬ್ಲೇಡ್ ಸಿಡಿದು ಕೈ ಮುಖ ನೋಡುವುದಿಲ್ಲ.

ಯು ಬೋಲ್ಟ್, ಸೆಂಟರ್ ಬೋಲ್ಟ್ ಹೊಸದೇ ಹಾಕಿ. ಹಳೇ ಯು ಬೋಲ್ಟ್ ಆಗಲೇ ಎಳೆದು ಉದ್ದವಾಗಿರುತ್ತದೆ, ಮತ್ತೆ ಬಿಗಿದರೆ ಹಿಡಿತ ನಿಲ್ಲುವುದಿಲ್ಲ. ಎಂಟು ಯು ಬೋಲ್ಟ್‌ನಲ್ಲಿ ಉಳಿಸುವ ಸಾವಿರ ರೂಪಾಯಿಗೆ ಆಕ್ಸಲ್ ಸರಿದುಹೋದರೆ ಕಷ್ಟ. ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್ ಸೀಟಿನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಕೈ ಹಾಕಿ ನೋಡಿ. ಕೂರದೆ ಬಿಗಿದರೆ ಆಕ್ಸಲ್ ಓರೆಯಾಗಿ, ಗಾಡಿ ಏಡಿ ನಡೆದ ಹಾಗೆ ರಸ್ತೆಯಲ್ಲಿ ಪಕ್ಕಪಕ್ಕಕ್ಕೆ ಓಡುತ್ತದೆ. ನಟ್‌ಗಳನ್ನು ಕರ್ಣಕ್ಕೆ ಕರ್ಣ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಬುಷ್ ಪಿನ್ ಮಾತ್ರ ಗಾಡಿ ಚಕ್ರದ ಮೇಲೆ ನಿಂತ ಮೇಲೆ ಪೂರ್ತಿ ಬಿಗಿಯಿರಿ, ಇಲ್ಲದಿದ್ದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಬ್ರೇಕ್. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೊದಲನೆಯದು ರಬ್ಬರ್ ಹೋಸ್. ಜಾಕ್ ಹಾಕಿ ಚಕ್ರ ಪೂರ್ತಿ ಜೋತು ಬೀಳುವ ಹಾಗೆ ಎತ್ತಿ, ಆಗ ಹೋಸ್ ಇನ್ನೂ ಸಡಿಲವಾಗಿ ಇರಬೇಕು. ತಂತಿ ತರಹ ಬಿಗಿದಿದ್ದರೆ ಒಂದು ದೊಡ್ಡ ಗುಂಡಿಯಲ್ಲಿ ಕಿತ್ತು ಬರುತ್ತದೆ. ಎರಡನೆಯದು ಲೋಡ್ ವಾಲ್ವ್. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್‌ಗೆ ಒಂದು ಸಣ್ಣ ಸಲಾಕೆಯೋ ಸ್ಪ್ರಿಂಗೋ ಹೋಗಿರುತ್ತದೆ. ಹಿಂಭಾಗ ತಗ್ಗಿದರೆ ಲೋಡ್ ಇದೆ ಅಂತ ತಿಳಿದು ಹಿಂದಿನ ಬ್ರೇಕ್‌ಗೆ ಜಾಸ್ತಿ ಒತ್ತಡ ಬಿಡುತ್ತದೆ, ಎದ್ದಿದ್ದರೆ ಖಾಲಿ ಅಂತ ಕಡಿಮೆ ಬಿಡುತ್ತದೆ. ಈಗ ನೀವು ಕಂಪನಿ ಎತ್ತರಕ್ಕಿಂತ ಎರಡು ಇಂಚು ಮೇಲೆ ಎತ್ತಿದಿರಿ ಅನ್ನಿ. ಒಂದೂವರೆ ಟನ್ ಹೇರಿದಾಗಲೂ ಆ ವಾಲ್ವ್ ಗಾಡಿ ಅರ್ಧ ಖಾಲಿ ಅಂದುಕೊಳ್ಳುತ್ತದೆ, ಹಿಂದಿನ ಬ್ರೇಕ್ ಪೂರ್ತಿ ಹಿಡಿಯುವುದಿಲ್ಲ. ಎತ್ತರ ಬದಲಾದರೆ ಈ ಸಲಾಕೆಯನ್ನು ಗೊತ್ತಿರುವ ಬ್ರೇಕ್ ಮೆಕ್ಯಾನಿಕ್ ಹತ್ತಿರ ಸೆಟ್ ಮಾಡಿಸಲೇಬೇಕು. ಹಿಂದಿನ ಓನರ್ ತಂತಿ ಕಟ್ಟಿ ಆ ಸಲಾಕೆಯನ್ನು ನಿಲ್ಲಿಸಿರುವುದೂ ಉಂಟು, ನೋಡಿ.

ಉಳಿದದ್ದು ಬೇಗ ಹೇಳುತ್ತೇನೆ. 40ರಿಂದ 60ರ ವೇಗದಲ್ಲಿ ಕೆಳಗಿನಿಂದ ಗುರ್ ಅಂತ ನಡುಕ ಬಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಜಾಯಿಂಟ್ ಕೋನ ಕೆಟ್ಟಿರಬಹುದು, ಪಟ್ಟಿ ಸೀಟಿಗೆ ಬೆಣೆ ತಗಡು ಕೊಟ್ಟು ಸರಿಮಾಡುತ್ತಾರೆ. ಹಿಂದೆ ಮಾತ್ರ ಎತ್ತಿ ಮುಂದೆ ಬಿಟ್ಟರೆ ಗಾಡಿ ಮೂಗು ತಗ್ಗಿಸಿ ಸ್ಟೇರಿಂಗ್ ಹಗುರವಾಗುತ್ತದೆ, ಹೆದ್ದಾರಿಯಲ್ಲಿ ಅಲೆದಾಡುತ್ತದೆ, ಹಾಗಾಗಿ ನಾಲ್ಕೂ ಕಡೆ ಒಟ್ಟಿಗೆ ಮಾಡಿಸಿ. ವೀಲ್ ಅಲೈನ್‌ಮೆಂಟ್ ಬಿಡಬೇಡಿ. ಹೆಡ್‌ಲೈಟ್ ಕೆಳಗೆ ಇಳಿಸಿ, ಎದುರಿಗೆ ಬರುವ ಬೈಕಿನವನ ಕಣ್ಣಿಗೆ ಹೊಡೆಯುತ್ತದೆ.

ಕಾನೂನು ಮತ್ತು ಖರ್ಚು

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ, ಆರ್‌ಸಿಯಲ್ಲಿರುವ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್‌ನಲ್ಲಿ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷ ಆದ ಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಬೇರೆ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಹುಡುಕುವುದೇ ಇಂಥದ್ದನ್ನು. ಕುಸಿದ ಪಟ್ಟಿಯನ್ನು ಕಂಪನಿ ಎತ್ತರಕ್ಕೆ ತರುವುದು ರಿಪೇರಿ. ಬ್ಲಾಕ್, ಉದ್ದ ಶಾಕಲ್, ದೊಡ್ಡ ಟೈರು ಮಾರ್ಪಾಡು. ನಾನು ಕಂಪನಿ ಎತ್ತರಕ್ಕೇ ನಿಲ್ಲಿಸಿದ್ದಕ್ಕೆ ಇದೂ ಒಂದು ಕಾರಣ.

ನನ್ನ ಲೆಕ್ಕ ಹೀಗಿದೆ, ನಿಮ್ಮ ಗಾಡಿಗೆ ಹೆಚ್ಚು ಕಡಿಮೆ ಆಗಬಹುದು. ಬಿಚ್ಚಿ, ಬಡಿದು, ಕಟ್ಟಿದ್ದಕ್ಕೆ ನಾಲ್ಕೂ ಕಡೆ ಸೇರಿ 4500. ಎರಡು ಬ್ಲೇಡ್ 1800. ಎಂಟು ಯು ಬೋಲ್ಟ್ 1200, ಸೆಂಟರ್ ಬೋಲ್ಟ್ 200. ಬುಷ್ ಸೆಟ್ 1400. ಹಿಂದಿನ ಬ್ರೇಕ್ ಹೋಸ್ ಹಳೆಯದಾಗಿತ್ತು, 450. ಅಲೈನ್‌ಮೆಂಟ್ 500. ಒಟ್ಟು 10,050. ಮೊದಲ ಸಲ ಕುಲುಮೆಗೆ ಹಾಕಿದ 3500 ಇದರಲ್ಲಿ ಸೇರಿಲ್ಲ, ಅದನ್ನು ನೆನಪಿಸಿಕೊಳ್ಳೋಕೆ ಇಷ್ಟವಿಲ್ಲ. ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಬುಷ್, ಯು ಬೋಲ್ಟ್, ಹೋಸ್ ಯಾವುದನ್ನೂ ಬಿಡಬೇಡಿ, ಒಂದು ತಿಂಗಳು ತಡೆದು ಮಾಡಿಸಿ.

ಕಟ್ಟಿದ ಮೇಲೆ ನೂರು ಕಿಲೋಮೀಟರ್ ಒಳಗೆ ಯು ಬೋಲ್ಟ್ ಮತ್ತೆ ಬಿಗಿಯಿರಿ, ಮೊದಲ ಪೂರ್ತಿ ಲೋಡ್ ಆದ ಮೇಲೆ ಇನ್ನೊಮ್ಮೆ. ಬ್ಲೇಡ್‌ಗಳು ಒಂದಕ್ಕೊಂದು ಕೂತು ಸ್ವಲ್ಪ ಸಡಿಲವಾಗುತ್ತವೆ. ನನಗೆ ಮೊದಲ ಸಲ ಪ್ರತಿ ನಟ್ಟೂ ಕಾಲು ಸುತ್ತು ಬಂತು, ಎರಡನೇ ಸಲ ಅಲ್ಲಾಡಲಿಲ್ಲ.

ಅಳತೆ ಚೀಟಿಯನ್ನು ಡ್ಯಾಶ್‌ಬೋರ್ಡ್‌ನಲ್ಲೇ ಇಟ್ಟಿದ್ದೇನೆ. ಒಂದು ಟೊಮೆಟೊ ಸೀಸನ್, ಒಂದು ಮಾವಿನ ಸೀಸನ್ ಕಳೆದ ಮೇಲೆ ಅದೇ ಬಂಕ್‌ನಲ್ಲಿ ನಿಲ್ಲಿಸಿ ಅಳೆದೆ. ಹಿಂದೆ ಎರಡೂ ಕಡೆ ಕಾಲು ಇಂಚು ಇಳಿದಿತ್ತು, ಮುಂದೆ ಇದ್ದಷ್ಟೇ ಇತ್ತು. ಕೋಡಿ ಪಕ್ಕದ ಬಂಡೆಗೆ ಸುಣ್ಣ ಬಳಿದು ಮತ್ತೆ ದಾಟಿಸಿ ನೋಡಿದೆ. ಬುಂಡೆಗೆ ಅದೇ ಬೆರಳಿನಷ್ಟು ಗೆರೆ, ಬೇರೆಲ್ಲೂ ಬಿಳಿ ಇರಲಿಲ್ಲ.